ಸಮವಸ್ತ್ರ ಕಳಚುವ ತಾರೀಖು ಗೊತ್ತುಮಾಡುವ ಮುನ್ನ

ವಾಯುಪಡೆ ಬಿಟ್ಟು ಪ್ರಯಾಣಿಕ ವಿಮಾನ ಹಾರಿಸಲು ಹೊರಟವರ ಪತ್ರಗಳು ಈ ಸಲ ಹೆಚ್ಚು ಬಂದಿವೆ. ಐದನ್ನು ಆರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಹಾಕ್ ಜೆಟ್ ಬೋಧಕನಾಗಿದ್ದೇನೆ. ಸೇವೆಗೆ 18 ವರ್ಷ ತುಂಬಿದೆ, ವಯಸ್ಸು 40. ಲಾಗ್‌ಬುಕ್ಕಿನಲ್ಲಿ 2,300 ಗಂಟೆ ಇದೆ. ಜತೆಗಾರರು ಒಬ್ಬೊಬ್ಬರಾಗಿ ಹೊರಡುತ್ತಿದ್ದಾರೆ. ಇನ್ನೆರಡು ವರ್ಷ ಕಾಯಲೇ, ಈಗಲೇ ಅರ್ಜಿ ಹಾಕಲೇ?
— ವಿಂಗ್ ಕಮಾಂಡರ್, ಬೀದರ್

ಉತ್ತರ: ಕಾಯಿರಿ. ಅಧಿಕಾರಿಗೆ ಪಿಂಚಣಿ ಬರಬೇಕಾದರೆ 20 ವರ್ಷದ ಸೇವೆ ಬೇಕು. 18ಕ್ಕೆ ಹೊರಟರೆ ಗ್ರಾಚ್ಯುಟಿ ಕೈಗೆ ಬರುತ್ತದೆ, ತಿಂಗಳ ಪಿಂಚಣಿ ಬರುವುದಿಲ್ಲ. ಪ್ರಯಾಣಿಕ ವಿಮಾನದ ಪೈಲಟ್ 65ರವರೆಗೆ ಹಾರಬಹುದು. 42ಕ್ಕೆ ಹೊರಟರೂ ನಿಮ್ಮ ಮುಂದೆ 23 ವರ್ಷ ಇರುತ್ತದೆ. ಈ ಕ್ಷೇತ್ರದಲ್ಲಿ ಕಂಪನಿಗಳು ಮುಚ್ಚುವುದೂ ಉಂಟು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಿತು, 2023ರ ಮೇನಲ್ಲಿ ಗೋ ಫಸ್ಟ್ ನಿಂತಿತು. ಅಲ್ಲಿದ್ದವರು ಬೇರೆ ಕಡೆ ಸೇರಿದಾಗ ಸರದಿಯ ಕೊನೆಗೆ ನಿಲ್ಲಬೇಕಾಯಿತು. ಅಂಥ ತಿಂಗಳುಗಳಲ್ಲಿ ಮಕ್ಕಳ ಫೀಸು ಕಟ್ಟುವುದು ಪಿಂಚಣಿಯೇ.

ಕಾಯುವುದರಿಂದ ನಷ್ಟವೂ ಇದೆ. ಏರ್‌ಲೈನಿನಲ್ಲಿ ಸೇರಿದ ದಿನವೇ ಸೀನಿಯಾರಿಟಿ. ಯಾವ ಊರಿನಲ್ಲಿ ಇರುತ್ತೀರಿ, ದೀಪಾವಳಿಗೆ ರಜೆ ಸಿಗುತ್ತದೋ ಇಲ್ಲವೋ, ಕ್ಯಾಪ್ಟನ್ ಕೂರುವ ಎಡಗಡೆ ಸೀಟು ಯಾವಾಗ ಎಂಬುದಕ್ಕೆಲ್ಲ ಆ ದಿನಾಂಕ ಲೆಕ್ಕಕ್ಕೆ ಬರುತ್ತದೆ. ಎರಡು ವರ್ಷ ತಡವಾಗಿ ಸೇರಿದರೆ ನಡುವೆ ಸೇರಿದವರೆಲ್ಲ ನಿಮ್ಮ ಮುಂದೆ. ಆದರೂ ಜೀವಮಾನದ ಪಿಂಚಣಿಯನ್ನು ತಕ್ಕಡಿಯ ಇನ್ನೊಂದು ತಟ್ಟೆಗೆ ಹಾಕಿದರೆ ಅದೇ ತೂಗುತ್ತದೆ. 12ನೇ ವರ್ಷದಲ್ಲಿದ್ದವರು ಕೇಳಿದ್ದರೆ ನಮ್ಮ ಉತ್ತರ ಬೇರೆಯೇ ಇರುತ್ತಿತ್ತು.

ಆದರೆ ಕಾಯುವ ಎರಡು ವರ್ಷ ಕಾಕ್‌ಪಿಟ್‌ನಲ್ಲೇ ಕಳೆಯಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಕೊನೆಯ ಎರಡು ವರ್ಷಕ್ಕೆ ಮೇಜಿನ ಹುದ್ದೆ ಸಿಗುತ್ತದೆ, ಹಾರಾಟ ನಿಲ್ಲುತ್ತದೆ, ಬಿಡುಗಡೆಯ ಹೊತ್ತಿಗೆ ಲಾಗ್‌ಬುಕ್ಕಿನ ಕೊನೆಯ ಸಾಲು ಹಳೆಯದಾಗಿರುತ್ತದೆ. ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ ವಾಣಿಜ್ಯ ಲೈಸೆನ್ಸಿಗೆ 200 ಗಂಟೆ ಕೇಳುತ್ತದೆ. ಅದು ನಿಮಗೆ ಏನೇನೂ ಅಲ್ಲ. ಆದರೆ ಪೈಲಟ್ ಇನ್ ಕಮಾಂಡ್ (ವಿಮಾನದ ಹೊಣೆ ಹೊತ್ತ ಪೈಲಟ್) ಆಗಿ 15 ಗಂಟೆಯನ್ನು ಅರ್ಜಿಗೆ ಹಿಂದಿನ ಆರು ತಿಂಗಳಲ್ಲೇ ಹಾರಿರಬೇಕು ಎಂಬ ಷರತ್ತೂ ಇದೆ. ಸಾವಿರಾರು ಗಂಟೆ ಹಾರಿದವರು ಈ 15 ಗಂಟೆಗಾಗಿ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಕೈಯಿಂದ ದುಡ್ಡು ಕಟ್ಟುತ್ತಾರೆ. ಆದ್ದರಿಂದ ಮುಂದಿನ ಪೋಸ್ಟಿಂಗ್ ಕೇಳುವಾಗ ಊರಿಗಿಂತ ಹಾರಾಟವನ್ನು ಮೊದಲು ನೋಡಿ.

ಇನ್ನು 2,300 ಗಂಟೆಯ ಒಳಗೆ ಏನಿದೆ ಎಂದು ನೋಡೋಣ. ಕ್ಯಾಪ್ಟನ್ ಆಗಲು ಬೇಕಾದ ಲೈಸೆನ್ಸ್ ಎಟಿಪಿಎಲ್‌ಗೆ ಒಟ್ಟು 1,500 ಗಂಟೆ ಸಾಕು. ಅದರೊಳಗೆ ರಾತ್ರಿಯ 100 ಗಂಟೆ, ಇನ್‌ಸ್ಟ್ರುಮೆಂಟ್ (ಉಪಕರಣಗಳನ್ನಷ್ಟೇ ನೋಡಿ ಹಾರಿದ) 100 ಗಂಟೆ, ಕ್ರಾಸ್ ಕಂಟ್ರಿ (ಒಂದೂರಿಂದ ಇನ್ನೊಂದೂರಿಗೆ ಹಾರಿದ) ಗಂಟೆಗಳೆಲ್ಲ ಬೇರೆಬೇರೆಯಾಗಿ ತುಂಬಬೇಕು. ಬೋಧಕರಾದ ನಿಮಗೆ ಪೈಲಟ್ ಇನ್ ಕಮಾಂಡ್ ಗಂಟೆಗೆ ಬರವಿಲ್ಲ. ಆದರೆ ಜೆಟ್ ತರಬೇತಿಯ ಹಾರಾಟ ಮುಕ್ಕಾಲು ಗಂಟೆಯ ಆಸುಪಾಸು, ಬಹುಪಾಲು ಹಗಲು ಹೊತ್ತು, ಏರಿದ ರನ್‌ವೇಗೇ ಇಳಿಯುವುದು. ಹಾಗಾಗಿ ರಾತ್ರಿ ಮತ್ತು ಕ್ರಾಸ್ ಕಂಟ್ರಿ ಕಲಂಗಳು ಸೊರಗಿರುತ್ತವೆ. ಇವತ್ತೇ ಲಾಗ್‌ಬುಕ್ ತೆರೆದು ಈ ಕಲಂಗಳನ್ನು ಬೇರೆಬೇರೆ ಕೂಡಿ. ರಾತ್ರಿ 100ಕ್ಕೆ 30 ಕಡಿಮೆ ಇದ್ದರೆ ಈ ಎರಡು ವರ್ಷದಲ್ಲಿ ರಾತ್ರಿ ಹಾರಾಟಗಳನ್ನೂ ವಿಮಾನಗಳನ್ನು ಬೇರೆ ನೆಲೆಗೆ ಒಯ್ಯುವ ಕೆಲಸವನ್ನೂ ಕೇಳಿ ಪಡೆಯಿರಿ. ಪ್ರತಿ ಪುಟಕ್ಕೂ ಸ್ಕ್ವಾಡ್ರನ್ನಿನಲ್ಲಿದ್ದಾಗಲೇ ಸಹಿ, ಮೊಹರು ಹಾಕಿಸಿ. ಘಟಕ ಬಿಟ್ಟ ಮೇಲೆ ಸಹಿ ಹಾಕಬೇಕಾದ ಅಧಿಕಾರಿ ಇನ್ನೆಲ್ಲೋ ಇರುತ್ತಾರೆ.

ನೀವು ಹಾರಿಸಿದ ಪಿಲಾಟಸ್, ಕಿರಣ್, ಹಾಕ್ ಮೂರೂ ಒಂದೇ ಎಂಜಿನ್ನಿನವು. ಏರ್‌ಲೈನಿಗೆ ಮಲ್ಟಿ ಎಂಜಿನ್ ಅನುಭವ ಬೇಕು. ಅದಕ್ಕೆ ಡಿಎ-42 ಅಥವಾ ಟೆಕ್ನಾಮ್ ಪಿ2006ಟಿ ಎಂಬ ಎರಡು ಎಂಜಿನ್ನಿನ ವಿಮಾನ ಇರುವ ತರಬೇತಿ ಶಾಲೆಯಲ್ಲಿ ಹಾರಿ, ಇನ್‌ಸ್ಟ್ರುಮೆಂಟ್ ರೇಟಿಂಗ್ ಪರೀಕ್ಷೆಯನ್ನೂ ಅದರಲ್ಲೇ ಕೊಡಿ. ಇನ್‌ಸ್ಟ್ರುಮೆಂಟ್ ಹಾರಾಟಕ್ಕೆ ವಾಯುಪಡೆ ಕೊಡುವ ಮಾಸ್ಟರ್ ಗ್ರೀನ್ ಕಾರ್ಡ್ ನಿಮ್ಮ ಗೌರವ, ಜೋಪಾನವಾಗಿಡಿ. ಏರ್‌ಲೈನ್ ನೋಡುವುದು ಸಿವಿಲ್ ಲೈಸೆನ್ಸಿನಲ್ಲಿ ನಮೂದಾದ ರೇಟಿಂಗನ್ನು. ಅದರ ಅವಧಿ 12 ತಿಂಗಳು. ಬಿಡುಗಡೆಗೆ ಎರಡು ವರ್ಷ ಮೊದಲೇ ಮಾಡಿಸಿಟ್ಟರೆ ಸಂದರ್ಶನದ ಹೊತ್ತಿಗೆ ಮತ್ತೊಮ್ಮೆ ಮಾಡಿಸಬೇಕಾಗುತ್ತದೆ. ಪರೀಕ್ಷೆಗಳನ್ನು ಮೊದಲು ಬರೆಯಿರಿ, ರೇಟಿಂಗನ್ನು ಕೊನೆಯ ಆರು ತಿಂಗಳಿಗೆ ಇಟ್ಟುಕೊಳ್ಳಿ.

ಪರೀಕ್ಷೆಗೆ ಕಂಪ್ಯೂಟರ್ ನಂಬರ್ (ಅಭ್ಯರ್ಥಿಗೆ ಡಿಜಿಸಿಎ ಕೊಡುವ ನೋಂದಣಿ ಸಂಖ್ಯೆ) ಬೇಕು. ಕರ್ನಾಟಕದವರಿಗೆ ಇಲ್ಲೊಂದು ತೊಡಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ಊರು ಮತ್ತು ತಂದೆಯ ಹೆಸರು, ಸೇವಾ ದಾಖಲೆಯಲ್ಲಿ ಇನ್ನೊಂದು ಕ್ರಮ. ಮೂರೂ ಹೊಂದದಿದ್ದರೆ ಅರ್ಜಿ ಹಿಂದಿರುಗುತ್ತದೆ. ಅಫಿಡವಿಟ್, ಹೆಸರು ತಿದ್ದುಪಡಿ, ಮಂಡಳಿಯಿಂದ ಅಂಕಪಟ್ಟಿ ಪರಿಶೀಲನೆ ಎಂದು ತಿಂಗಳುಗಳು ಹೋಗುತ್ತವೆ. ಇದೊಂದನ್ನು ಈ ವಾರವೇ ಶುರುಮಾಡಿ. ಪರೀಕ್ಷೆಯಲ್ಲಿ ಪ್ರತಿ ವಿಷಯಕ್ಕೂ ಶೇ. 70 ಬೇಕು. ಏರ್ ರೆಗ್ಯುಲೇಷನ್ಸ್ ಹಗುರವೆಂದು ಕೊನೆಗೆ ಇಟ್ಟುಕೊಳ್ಳಬೇಡಿ. ಸೇನೆಯ ಹಾರಾಟದಲ್ಲಿ ಬಳಸದ ನಿಯಮಗಳೇ ಅಲ್ಲಿ ಹೆಚ್ಚು, ಅನುಭವದ ಬಲದಿಂದ ಉತ್ತರ ಹೊಳೆಯುವುದಿಲ್ಲ.

ಕೊನೆಯದಾಗಿ, 20 ವರ್ಷ ತುಂಬಿದ ಮಾತ್ರಕ್ಕೆ ಬಿಡುಗಡೆ ಹಕ್ಕಾಗುವುದಿಲ್ಲ. ಅದು ಮನವಿ, ಸೇವೆಯ ಅಗತ್ಯ ಹೇಳಿ ತಳ್ಳಿಹಾಕಬಹುದು. ಈಗ ವಿದೇಶಿ ಕೋರ್ಸನ್ನೋ ದೀರ್ಘ ತರಬೇತಿಯನ್ನೋ ಒಪ್ಪಿಕೊಂಡರೆ ಅದರ ಬೆನ್ನಿಗೆ ಬರುವ ಸೇವಾವಧಿಯ ಷರತ್ತನ್ನು ಓದಿಕೊಳ್ಳಿ. 2015ರ ನವೆಂಬರ್ 7ರ ಒಆರ್‌ಒಪಿ (ಒಂದೇ ದರ್ಜೆಗೆ ಒಂದೇ ಪಿಂಚಣಿ) ಆದೇಶ, ಅಲ್ಲಿಂದ ಮುಂದೆ ಸ್ವಇಚ್ಛೆಯಿಂದ ಹೊರಡುವವರನ್ನು ಆ ಸೌಲಭ್ಯದಿಂದ ಹೊರಗಿಟ್ಟಿದೆ. ಇದು ಸಶಸ್ತ್ರ ಪಡೆ ನ್ಯಾಯಮಂಡಳಿಗೂ ಹೋದ ವಿಷಯ. ಅರ್ಜಿಗೆ ಸಹಿ ಹಾಕುವ ದಿನ ಪಿಂಚಣಿ ಕಚೇರಿಯಲ್ಲಿ ಇದನ್ನು ಕೇಳಿಯೇ ಮುಂದುವರಿಯಿರಿ.

ಪ್ರಶ್ನೆ: ನನ್ನ ಯಜಮಾನರು ವಾಯುಪಡೆಯಲ್ಲಿದ್ದಾರೆ. ಬಿ.ಪಿ. ಕಾರಣಕ್ಕೆ ಕೆಲಕಾಲ ಕಡಿಮೆ ವೈದ್ಯಕೀಯ ದರ್ಜೆಯಲ್ಲಿದ್ದು, ಈಗ ಮತ್ತೆ ಹಾರುತ್ತಿದ್ದಾರೆ. ಸಿವಿಲ್ ತಪಾಸಣೆಯಲ್ಲಿ ಹಳೆಯದನ್ನು ಹೇಳಿದರೆ ತೊಂದರೆಯಾಗುತ್ತದೆಯೇ?
— ಗೃಹಿಣಿ, ಮೈಸೂರು

ಉತ್ತರ: ಹೇಳಲೇಬೇಕು. ಸಿವಿಲ್ ಪೈಲಟ್‌ಗಳ ಕ್ಲಾಸ್ 1 ವೈದ್ಯಕೀಯ ತಪಾಸಣೆ ನಡೆಯುವ ಪ್ರಮುಖ ಜಾಗಗಳಲ್ಲಿ ವಾಯುಪಡೆಯವೂ ಇವೆ: ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಮತ್ತು ದೆಹಲಿಯ ಕೇಂದ್ರ. ನಿಮ್ಮ ಯಜಮಾನರ ಹಳೆಯ ಕಡತ ಆ ವ್ಯವಸ್ಥೆಯೊಳಗೇ ಇದೆ. ಹತೋಟಿಯಲ್ಲಿರುವ ಬಿ.ಪಿ.ಯಿಂದ ಕೆಲಸ ತಪ್ಪುವುದು ಅಪರೂಪ, ಮುಚ್ಚಿಟ್ಟದ್ದು ಹೊರಬಿದ್ದರೆ ಮಾತ್ರ ಸರಿಪಡಿಸುವುದು ಕಷ್ಟ. ತಜ್ಞರ ವರದಿ, ಮಾತ್ರೆಯ ಹೆಸರು ಮತ್ತು ಪ್ರಮಾಣ, ಇಸಿಜಿ, ದರ್ಜೆ ಮೇಲೇರಿಸಿದ ಬೋರ್ಡಿನ ಪ್ರತಿ, ಇವಿಷ್ಟನ್ನೂ ದಿನಾಂಕದ ಕ್ರಮದಲ್ಲಿ ಒಂದೇ ಫೈಲಿಗೆ ಹಾಕಿಕೊಡಿ.

ತಪಾಸಣೆಯನ್ನು ಬಿಡುಗಡೆಗೆ ಸುಮಾರು ಒಂದು ವರ್ಷ ಮೊದಲು ಮಾಡಿಸಲಿ. ತೂಕ, ಸಕ್ಕರೆ, ಕಿವಿಯ ಪರೀಕ್ಷೆಯಲ್ಲಿ ಏನಾದರೂ ಬಂದರೆ ‘ತಾತ್ಕಾಲಿಕ ಅನರ್ಹ’ ಎಂದು ಬರೆದು ಕೆಲವು ತಿಂಗಳ ಗಡುವು ಕೊಡುತ್ತಾರೆ. ಸಂಬಳ ಬರುತ್ತಿರುವಾಗ ಆ ಗಡುವು ಕಳೆದರೆ ಮನೆಗೆ ಭಾರವಾಗದು. ಪ್ಯಾರಾಶೂಟಿನಲ್ಲಿ ಹೊರಜಿಗಿದ ಇತಿಹಾಸ ಇರುವವರು ಬೆನ್ನುಮೂಳೆಯ ಹಳೆಯ ಮತ್ತು ಹೊಸ ಚಿತ್ರಗಳನ್ನು ಒಟ್ಟಿಗೆ ಒಯ್ಯಬೇಕು.

ಪ್ರಶ್ನೆ: ಎಂಐ-17 ಹೆಲಿಕಾಪ್ಟರಿನಲ್ಲಿ 3,500 ಗಂಟೆ ಹಾರಿದ್ದೇನೆ. ಏರ್‌ಲೈನಿನ ಎ320 ವಿಮಾನ ಹಾರಿಸಲು ಇದು ಸಾಕೇ?
— ಹಾಸನದವರು, ಈಗ ಈಶಾನ್ಯ ಭಾರತದಲ್ಲಿ

ಉತ್ತರ: ಸಾಲದು. ಎಟಿಪಿಎಲ್‌ನ 1,500 ಗಂಟೆ ರೆಕ್ಕೆಯ ವಿಮಾನದ ಲೆಕ್ಕ. ನಿಮ್ಮ ಕೈಯಲ್ಲಿರುವುದು ದುಂಡಿಗಲ್‌ನ ವಾಯುಪಡೆ ಅಕಾಡೆಮಿಯ ಮೊದಲ ಹಂತದ ತರಬೇತಿ ಗಂಟೆಗಳು. ವಿಮಾನದ ವಾಣಿಜ್ಯ ಲೈಸೆನ್ಸಿಗೆ ಸ್ವಂತ ಖರ್ಚಿನಲ್ಲಿ ಶಾಲೆ ಸೇರಿ, ಅದಾದ ಮೇಲೆ ಕೋ-ಪೈಲಟ್ ಆಗಿ ಕೆಳಗಿನಿಂದ ಶುರುಮಾಡಬೇಕು. 35ರೊಳಗಿದ್ದರೆ ಯೋಚಿಸಬಹುದು. ಅದನ್ನು ದಾಟಿದ್ದರೆ ಹೆಲಿಕಾಪ್ಟರಿನಲ್ಲೇ ಮುಂದುವರಿಯುವುದು ಲೇಸು ಎಂದು ನಮ್ಮ ಅಭಿಪ್ರಾಯ. ಜುಹುವಿನಿಂದ ಸಮುದ್ರದ ತೈಲ ವೇದಿಕೆಗಳಿಗೆ ಹೋಗುವ ಕೆಲಸದಲ್ಲಿ ನಿಮ್ಮ 3,500 ಗಂಟೆಗೂ ಬೆಲೆ ಇದೆ.

ಪ್ರಶ್ನೆ: ಶಾರ್ಟ್ ಸರ್ವೀಸ್‌ನ 14 ವರ್ಷ ಮುಂದಿನ ವರ್ಷ ಮುಗಿಯುತ್ತದೆ. ಒಂಟಿ ಸೀಟಿನ ಫೈಟರ್ ಹಾರಿಸಿದವನು. ಲೈಸೆನ್ಸ್ ಕೆಲಸ ಸಾಗಿದೆ. ಎ320 ಸಿಮ್ಯುಲೇಟರಿನಲ್ಲಿ ನಮ್ಮಂಥವರು ಎಡವುತ್ತಾರೆ ಎನ್ನುತ್ತಾರಲ್ಲ, ಯಾಕೆ? ಏರ್‌ಲೈನ್ ಬರೆಸಿಕೊಳ್ಳುವ ಸೇವಾ ಬಾಂಡ್ ವಿಷಯವೂ ತಿಳಿಸಿ.
— ಸ್ಕ್ವಾಡ್ರನ್ ಲೀಡರ್, ಧಾರವಾಡ ಮೂಲ

ಉತ್ತರ: ಕೈಚಳಕದ ಕೊರತೆಯಿಂದಲ್ಲ, ಮೌನದಿಂದ. ಒಂಟಿ ಸೀಟಿನಲ್ಲಿ ಕಣ್ಣು ನೋಡಿದ್ದನ್ನು ಕೈ ಮಾಡಿಬಿಡುತ್ತದೆ, ನಡುವೆ ಬಾಯಿಗೆ ಕೆಲಸವಿಲ್ಲ. ಎ320ಯಲ್ಲಿ ಹಾರಿಸುವವರು ‘ಗೇರ್ ಡೌನ್’ ಎನ್ನಬೇಕು, ಪಕ್ಕದವರು ಲಿವರ್ ಇಳಿಸಬೇಕು. ‘ಫ್ಲ್ಯಾಪ್ಸ್ ಒನ್’ ಎಂದರೆ ಅವರು ವೇಗ ನೋಡಿ ‘ಸ್ಪೀಡ್ ಚೆಕ್ಡ್’ ಎಂದು ಹೇಳಿಯೇ ಫ್ಲ್ಯಾಪ್ ಲಿವರ್ ಸರಿಸುತ್ತಾರೆ. ಫೈಟರ್‌ನವರು ತಾವೇ ಕೈ ಚಾಚಿ ಲಿವರ್ ಎಳೆದಾಗ ಪಕ್ಕದವರ ವೇಗದ ಪರಿಶೀಲನೆ ತಪ್ಪಿಹೋಗುತ್ತದೆ. ಪರೀಕ್ಷಕರು ಬರೆದುಕೊಳ್ಳುವುದು ಅದನ್ನೇ.

ಎಂಜಿನ್ ಕೆಟ್ಟಾಗ ಇದು ಇನ್ನೂ ಎದ್ದು ಕಾಣುತ್ತದೆ. ಟೇಕಾಫ್ ಆದ ಕೂಡಲೇ ಎಂಜಿನ್ ಹೋಯಿತೆನ್ನಿ. 400 ಅಡಿ ಏರುವವರೆಗೆ ದೋಷವನ್ನೂ ಮಾಡಬೇಕಾದುದನ್ನೂ ತೋರಿಸುವ ಇಸಿಎಎಂ ಪರದೆಯ ಯಾವ ಕ್ರಮಕ್ಕೂ ಕೈ ಹಾಕುವಂತಿಲ್ಲ. ರಡರ್ ಒತ್ತಿ ಮೂಗನ್ನು ನೇರ ಹಿಡಿಯುವುದಷ್ಟೇ ಕೆಲಸ. ಆಮೇಲೆ ಹಾರಿಸುವವರು ‘ಇಸಿಎಎಂ ಆಕ್ಷನ್ಸ್’ ಎನ್ನುತ್ತಾರೆ, ಪಕ್ಕದವರು ಸಾಲು ಸಾಲಾಗಿ ಓದುತ್ತಾರೆ. ಎಂಜಿನ್ ಮಾಸ್ಟರ್ ಸ್ವಿಚ್ಚಿನ ಮೇಲೆ ಬೆರಳಿಟ್ಟು ‘ಎಂಜಿನ್ ಮಾಸ್ಟರ್ ಒನ್, ಕನ್ಫರ್ಮ್?’ ಎಂದು ಕೇಳುತ್ತಾರೆ. ಇನ್ನೊಬ್ಬರು ಕಣ್ಣಿಂದ ನೋಡಿ ‘ಕನ್ಫರ್ಮ್ಡ್’ ಎಂದ ಮೇಲೆಯೇ ಸ್ವಿಚ್ ಆಫ್. ಗಡಿಬಿಡಿಯಲ್ಲಿ ಸರಿಯಿರುವ ಎಂಜಿನ್ನನ್ನೇ ನಿಲ್ಲಿಸದಿರಲಿ ಎಂದು ಈ ಎರಡು ಮಾತು. ಕುರ್ಚಿಯಲ್ಲಿ ಕೂತು, ಗೋಡೆಗೆ ಕಾಕ್‌ಪಿಟ್ ಚಿತ್ರ ಅಂಟಿಸಿ, ಈ ಮಾತುಗಳನ್ನು ಜೋರಾಗಿ ಹೇಳುತ್ತ ಎರಡು ವಾರ ಅಭ್ಯಾಸ ಮಾಡಿ. ಜತೆಗೊಬ್ಬರು ಕೂತರೆ ಇನ್ನೂ ಒಳ್ಳೆಯದು.

ಇನ್ನೊಂದು ಅಭ್ಯಾಸ ಇಳಿಯುವಾಗಿನದು. ಫೈಟರ್ ವೇಗವಾಗಿ ಬಂದು, ರನ್‌ವೇಯ ನೆತ್ತಿಯ ಮೇಲೆ ಬಾನಲ್ಲೇ ತಿರುಗಿ, ಕೊನೆಯ ಗಳಿಗೆಯಲ್ಲಿ ಎಲ್ಲ ಸರಿಮಾಡಿಕೊಂಡು ಇಳಿಯುತ್ತದೆ. ಇಲ್ಲಿ ಮೋಡವಿದ್ದರೆ 1,000 ಅಡಿ, ಇಲ್ಲದಿದ್ದರೆ 500 ಅಡಿಗೆ ವೇಗ, ದಾರಿ, ಫ್ಲ್ಯಾಪ್ ಎಲ್ಲ ಸ್ಥಿರವಾಗಿರಬೇಕು, ಇಲ್ಲದಿದ್ದರೆ ಗೋ-ಅರೌಂಡ್, ಅಂದರೆ ಇಳಿಯದೆ ಮತ್ತೆ ಮೇಲೇರುವುದು. ‘ಸರಿಮಾಡಿಕೊಳ್ಳಬಲ್ಲೆ’ ಎನ್ನುವಷ್ಟು ಕೌಶಲ ನಿಮಗಿದೆ, ಆದರೂ ಮೇಲೇರಿ. ಪ್ರತಿ ಹಾರಾಟದ ದತ್ತಾಂಶ ಕಂಪನಿಗೆ ಹೋಗುತ್ತದೆ.

ಬಾಂಡಿಗೆ ಸಹಿ ಹಾಕುವ ಮೊದಲು ಮೂರು ಸಂಗತಿ ಬರಹದಲ್ಲೇ ಪಡೆಯಿರಿ: ಟೈಪ್ ರೇಟಿಂಗಿನ (ಆಯಾ ಮಾದರಿಯ ವಿಮಾನ ಹಾರಿಸುವ ಅರ್ಹತೆಯ) ಖರ್ಚು ಯಾರದು, ಬಾಂಡ್ ಮೊತ್ತ ವರ್ಷ ಕಳೆದಂತೆ ಇಳಿಯುತ್ತದೆಯೇ, ಕಂಪನಿಯೇ ನಿಮ್ಮನ್ನು ಬಿಟ್ಟರೆ ಅದು ರದ್ದಾಗುತ್ತದೆಯೇ. ರಾಜೀನಾಮೆ ಕೊಟ್ಟರೆ ಕೋ-ಪೈಲಟ್‌ಗೆ 6 ತಿಂಗಳು, ಕ್ಯಾಪ್ಟನ್‌ಗೆ 12 ತಿಂಗಳು ನೋಟಿಸ್ ಅವಧಿ ಎಂದು ಡಿಜಿಸಿಎ 2017ರಲ್ಲಿ ನಿಗದಿ ಮಾಡಿದೆ. ಆದ್ದರಿಂದ ‘ಮೊದಲು ಎಲ್ಲಾದರೂ ಸೇರಿ ಆಮೇಲೆ ಬದಲಿಸೋಣ’ ಎಂಬ ಲೆಕ್ಕ ಬೇಡ. ನಿಮಗೆ ಪಿಂಚಣಿಯ ಆಸರೆ ಇಲ್ಲ. ಆಫರ್ ಪತ್ರಕ್ಕೂ ತರಬೇತಿ ಶುರುವಾಗುವುದಕ್ಕೂ ನಡುವೆ ತಿಂಗಳುಗಳು ಕಳೆಯಬಹುದು. ಒಂದು ವರ್ಷದ ಮನೆಖರ್ಚನ್ನು ಗ್ರಾಚ್ಯುಟಿಯಿಂದ ಬೇರೆ ಖಾತೆಗೆ ಹಾಕಿ, ಮುಟ್ಟದೆ ಇಡಿ.

ಪ್ರಶ್ನೆ: ಮಗ ಅಮೆರಿಕದ ವಾಯುಪಡೆಯಲ್ಲಿ ಸಿ-17 ಸಾಗಣೆ ವಿಮಾನ ಹಾರಿಸುತ್ತಾನೆ. ಒಪ್ಪಂದ ಮುಗಿದ ತಕ್ಷಣ ಏರ್‌ಲೈನ್ ಸೇರುವುದೋ, 20 ವರ್ಷ ಪೂರೈಸುವುದೋ ಎಂದು ಮನೆಯಲ್ಲಿ ಚರ್ಚೆ.
— ಟೆಕ್ಸಾಸ್‌ನಲ್ಲಿರುವ ಕನ್ನಡಿಗ ತಂದೆ

ಉತ್ತರ: ಅಲ್ಲಿಯ ಲೆಕ್ಕ ಬೇರೆ. ತರಬೇತಿ ಮುಗಿಸಿ ರೆಕ್ಕೆಯ ಬಿಲ್ಲೆ ಪಡೆದಂದಿನಿಂದ 10 ವರ್ಷ ಸೇವೆ ಕಡ್ಡಾಯ. 24ಕ್ಕೆ ಬಿಲ್ಲೆ ಸಿಕ್ಕಿದ್ದರೆ 34ಕ್ಕೆ ಬಿಡುಗಡೆ, 65ಕ್ಕೆ ನಿವೃತ್ತಿ. 31 ವರ್ಷದ ಸೀನಿಯಾರಿಟಿ. 20 ವರ್ಷ ಪೂರೈಸಿದರೆ ಅದರಲ್ಲಿ ಎಂಟು ವರ್ಷವಾದರೂ ಹೋಗುತ್ತದೆ. ಅಲ್ಲಿ ವೇತನವೂ ವಿಮಾನವೂ ಸೀನಿಯಾರಿಟಿಗೇ ಬಿಗಿದಿರುವುದರಿಂದ ನಮ್ಮ ಒಲವು ಮಧ್ಯದ ದಾರಿಯ ಕಡೆಗೆ: 10 ವರ್ಷ ಮುಗಿದೊಡನೆ ಏರ್‌ಲೈನ್ ಸೇರಿ, ಜತೆಗೆ ಅರೆಕಾಲಿಕ ಸೇವೆಯ ಏರ್ ನ್ಯಾಷನಲ್ ಗಾರ್ಡ್ ಅಥವಾ ರಿಸರ್ವ್‌ನಲ್ಲಿ ಮುಂದುವರಿದು 20 ವರ್ಷ ತುಂಬುವುದು. ಆ ಪಿಂಚಣಿ ಸಾಮಾನ್ಯವಾಗಿ 60ರ ಹೊತ್ತಿಗೆ ಕೈಗೆ ಬರುತ್ತದೆ ಎಂಬುದು ಗೊತ್ತಿರಲಿ. ಸೇನೆಯ ಕರೆ ಬಂದಾಗ ಏರ್‌ಲೈನ್ ಕೆಲಸವನ್ನೂ ಸೀನಿಯಾರಿಟಿಯನ್ನೂ ಅಲ್ಲಿನ ಕಾನೂನು ಕಾಯುತ್ತದೆ.

ಸೇನೆಯ ಪೈಲಟ್‌ಗಳಿಗೆ 1,500ರ ಬದಲು 750 ಗಂಟೆಗೇ ನಿರ್ಬಂಧಿತ ಎಟಿಪಿ (ಅಲ್ಲಿನ ಏರ್‌ಲೈನ್ ಪೈಲಟ್ ಲೈಸೆನ್ಸ್) ಸಿಗುತ್ತದೆ. ಸಿ-17ನವರಿಗೆ ಗಂಟೆಯ ಚಿಂತೆ ಇರುವುದಿಲ್ಲ. ಎಟಿಪಿ ಲಿಖಿತ ಪರೀಕ್ಷೆಗೆ ಮೊದಲು ಎಟಿಪಿ-ಸಿಟಿಪಿ ಕೋರ್ಸ್ ಕಡ್ಡಾಯ: 30 ಗಂಟೆ ತರಗತಿ, 10 ಗಂಟೆ ಸಿಮ್ಯುಲೇಟರ್. ಅದನ್ನು ಬಿಡುಗಡೆಗೆ ಮುಂಚೆ ರಜೆಯಲ್ಲೇ ಮುಗಿಸಲಿ. 2022, 2023ರಲ್ಲಿ ಅಲ್ಲಿಯ ಏರ್‌ಲೈನುಗಳು ಭರದಿಂದ ಸೇರಿಸಿಕೊಂಡು 2024ರಲ್ಲಿ ಕೈ ಬಿಗಿಹಿಡಿದವು. ಕಾಗದಪತ್ರ ಸಿದ್ಧವಿದ್ದವರು ಬಾಗಿಲು ತೆರೆದಿದ್ದಾಗ ಒಳಗೆ ಹೋದರು. ಮಗನಿಗೆ ಬೋನಸ್ ಆಮಿಷದ ಹೊಸ ಒಪ್ಪಂದ ಬಂದಿದ್ದರೆ, ಅದಕ್ಕೆ ಒಪ್ಪಿಗೆ ಕೊಡುವ ಮೊದಲು ಆ ಹಣವನ್ನೂ ಕಳೆದುಕೊಳ್ಳುವ ಸೀನಿಯಾರಿಟಿ ವರ್ಷಗಳನ್ನೂ ಒಂದೇ ಹಾಳೆಯಲ್ಲಿ ಎದುರುಬದುರು ಬರೆದು ನೋಡಲಿ.