ಓದುಗರ ಪ್ರಶ್ನೆ: ಎಟಿಆರ್ ಸೇರಲೋ, ಜೆಟ್ ಸೇರಲೋ?

ಪ್ರಶ್ನೆ: ಮೇಡಂ, ನನಗೆ 23 ವರ್ಷ. ಸಿಪಿಎಲ್, ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಕೈಗೆ ಬಂದು ಎಂಟು ತಿಂಗಳಾಯಿತು. ಒಟ್ಟು 210 ಗಂಟೆ ಹಾರಿದ್ದೇನೆ. ಅಪ್ಪ ಅಡಿಕೆ ತೋಟದ ಮೇಲೆ ಸಾಲ ತೆಗೆದು ಓದಿಸಿದ್ದಾರೆ. ಈಗ ಎರಡು ಪ್ರಾದೇಶಿಕ ವಿಮಾನ ಕಂಪನಿಗಳಿಂದ ಕರೆ ಬಂದಿದೆ. ಒಂದರಲ್ಲಿ ಎಟಿಆರ್, ಪ್ರೊಪೆಲ್ಲರ್ ಇರುವ ವಿಮಾನ. ಟೈಪ್ ರೇಟಿಂಗ್ (ಆ ಮಾದರಿಯ ವಿಮಾನ ಹಾರಿಸೋಕೆ ಬೇಕಾದ ತರಬೇತಿ) ಖರ್ಚು ಅವರದೇ, ಆದರೆ ಬಿಟ್ಟು ಹೋಗದಂತೆ ಮೂರು ವರ್ಷದ ಬಾಂಡ್. ಇನ್ನೊಂದರಲ್ಲಿ ಚಿಕ್ಕ ಜೆಟ್. ಟೈಪ್ ರೇಟಿಂಗ್‌ಗೆ 22 ಲಕ್ಷ ನಾವೇ ಕಟ್ಟಬೇಕು. ಜೊತೆಯವರೆಲ್ಲ "ಪ್ರೊಪೆಲ್ಲರ್‌ಗೆ ಹೋದ್ರೆ ಅಲ್ಲೇ ಉಳ್ಕೋತೀಯ, ಜೆಟ್ ತಗೋ" ಅನ್ನುತ್ತಾರೆ. ಏನು ಮಾಡಲಿ?
— ಹೆಸರು ಬೇಡ, ತೀರ್ಥಹಳ್ಳಿ

ಉತ್ತರ: ನಿಮ್ಮ ಪತ್ರ ಓದಿ ನನ್ನ 23ನೇ ವಯಸ್ಸು ನೆನಪಾಯಿತು. ನನ್ನ ಮುಂದೆಯೂ ಇದೇ ಪ್ರಶ್ನೆ ಇತ್ತು. ಆಗ ನಾನು ಜೆಟ್ ಅಂತಲೇ ಒಂದು ಕಂಪನಿ ಸೇರಿದೆ. ಹೆಸರು ಹೇಳುವುದಿಲ್ಲ. ದುಡ್ಡು ಕಟ್ಟಿ ಟೈಪ್ ರೇಟಿಂಗ್ ಮಾಡಿಕೊಂಡೆ. ಆಮೇಲೆ ಬರಬೇಕಿದ್ದ ವಿಮಾನಗಳು ಬರಲಿಲ್ಲ. ಮುಂಬೈನ ಅಂಧೇರಿಯಲ್ಲಿ ಇಬ್ಬರು ಹುಡುಗಿಯರ ಜೊತೆ ಒಂದೇ ರೂಮಿನಲ್ಲಿ ಹನ್ನೊಂದು ತಿಂಗಳು ಇದ್ದೆ. ಯೂನಿಫಾರ್ಮ್ ಪ್ಲಾಸ್ಟಿಕ್ ಕವರಿನಲ್ಲೇ ನೇತಾಡುತ್ತಿತ್ತು. ಮನೆಗೆ ಫೋನ್ ಮಾಡಿದಾಗ ಅಮ್ಮ "ಇವತ್ತು ಯಾವ ಊರಿಗೆ ಹೋಗಿದ್ದೆ?" ಅಂತ ಕೇಳುತ್ತಿದ್ದರು. ಹೇಳೋಕೆ ಊರೇ ಇರಲಿಲ್ಲ. ನನ್ನ ಜೊತೆ ಸಿಪಿಎಲ್ ಮಾಡಿದ ಗೆಳತಿ ಅದೇ ಹೊತ್ತಿಗೆ ಎಟಿಆರ್ ಸೇರಿದ್ದಳು. ಆ ಹನ್ನೊಂದು ತಿಂಗಳಲ್ಲಿ ಅವಳು 600 ಗಂಟೆ ಹಾರಿದ್ದಳು. ಕೊನೆಗೆ ನಾನೂ ಅದೇ ದಾರಿ ಹಿಡಿದೆ.

ಅದಕ್ಕೇ ಹೇಳುತ್ತೇನೆ, ಯಾವ ವಿಮಾನ ಅನ್ನುವುದನ್ನು ಸ್ವಲ್ಪ ಪಕ್ಕಕ್ಕಿಡಿ. ಮೊದಲು ಕೇಳಬೇಕಾದ್ದು ಇದು: ಅಲ್ಲಿ ನಾನು ತಿಂಗಳಿಗೆ ಎಷ್ಟು ಗಂಟೆ ಹಾರುತ್ತೇನೆ?

ಇದನ್ನು ಮನೆಯಲ್ಲೇ ಕೂತು ಲೆಕ್ಕ ಹಾಕಬಹುದು. ಪ್ರಾದೇಶಿಕ ಕಂಪನಿಯ ಒಂದು ವಿಮಾನ ದಿನಕ್ಕೆ 10 ಗಂಟೆ ಹಾರುತ್ತದೆ ಅಂದುಕೊಳ್ಳಿ. ತಿಂಗಳಿಗೆ 300 ಗಂಟೆ. ಒಂದು ವಿಮಾನಕ್ಕೆ ಆರು ಕೋ-ಪೈಲಟ್ ಇದ್ದರೆ ಒಬ್ಬೊಬ್ಬರಿಗೆ 50 ಗಂಟೆ ಸಿಗುತ್ತದೆ. ಹದಿನೈದು ಜನರನ್ನು ತುಂಬಿಕೊಂಡಿದ್ದರೆ ಬರೀ 20. ಕ್ಯಾಪ್ಟನ್ ಆಗೋಕೆ ಬೇಕಾದ ಎಟಿಪಿಎಲ್ ಲೈಸೆನ್ಸ್‌ಗೆ 1500 ಗಂಟೆ ಬೇಕಲ್ವಾ? ನಿಮ್ಮ ಬಳಿ 210 ಇದೆ. ತಿಂಗಳಿಗೆ 50ರಂತೆ ಹಾರಿದರೆ ಎರಡು ವರ್ಷ ಚಿಲ್ಲರೆ ತಿಂಗಳಲ್ಲಿ 1500 ಮುಟ್ಟುತ್ತೀರಿ. 20ರಂತಾದರೆ ಐದು ವರ್ಷ ದಾಟುತ್ತದೆ. ಅಪ್ಪನ ಸಾಲದ ಕಂತು ಮಾತ್ರ ಎರಡೂ ಕಡೆ ಒಂದೇ ಥರ ಬರುತ್ತಿರುತ್ತದೆ.

ಕಂಪನಿಯವರು "ನಮ್ಮ ಹತ್ತಿರ ಎಂಟು ವಿಮಾನ ಇವೆ" ಅನ್ನಬಹುದು. ಇರುವುದು ಬೇರೆ, ಹಾರುವುದು ಬೇರೆ. ಎಂಜಿನ್ ಇಲ್ಲದೆ, ಬಿಡಿಭಾಗ ಸಿಗದೆ ಹ್ಯಾಂಗರ್‌ನಲ್ಲಿ ನಿಂತಿರುವವೂ ಆ ಲೆಕ್ಕದಲ್ಲಿ ಸೇರಿರುತ್ತವೆ. ಯಾವ ವಿಮಾನ ಎಲ್ಲಿ ಹಾರುತ್ತಿದೆ ಅಂತ ತೋರಿಸುವ ಫ್ಲೈಟ್‌ರಾಡಾರ್24 ತೆರೆದು ಎರಡು ವಾರ ಗಮನಿಸಿ. ವಿಟಿ ಅಂತ ಶುರುವಾಗುವ ನೋಂದಣಿ ಅಕ್ಷರಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ದಿನಾ ಯಾವುದು ಮೇಲೇಳುತ್ತಿದೆ, ಯಾವುದು ಕಾಣುತ್ತಲೇ ಇಲ್ಲ, ತಿಳಿಯುತ್ತದೆ. ಆಮೇಲೆ ನಿಮಗಿಂತ ಒಂದು ವರ್ಷ ಮೊದಲು ಸೇರಿದ ಇಬ್ಬರನ್ನು ಹುಡುಕಿ ಮಾತಾಡಿಸಿ. ಎರಡೇ ಪ್ರಶ್ನೆ ಕೇಳಿ. ಟೈಪ್ ರೇಟಿಂಗ್ ಆದ ಮೇಲೆ ಲೈನ್ ಟ್ರೈನಿಂಗ್ (ಪ್ರಯಾಣಿಕರಿರುವ ವಿಮಾನದಲ್ಲಿ ತರಬೇತಿ) ಮುಗಿದು ರಿಲೀಸ್ ಆಗೋಕೆ, ಅಂದರೆ ಪೂರ್ತಿ ಕೋ-ಪೈಲಟ್ ಆಗೋಕೆ, ಎಷ್ಟು ದಿನ ಹಿಡಿಯಿತು? ಹೋದ ತಿಂಗಳ ಸಂಬಳ ಯಾವ ತಾರೀಕಿಗೆ ಬಂತು?

ಸಂಬಳದ ಪ್ರಶ್ನೆ ಕೇಳೋಕೆ ಸಂಕೋಚ ಬೇಡ. ಪ್ರಾದೇಶಿಕ ಕಂಪನಿ ನಡೆಸುವುದು ನಿಜಕ್ಕೂ ಕಷ್ಟ. ಪ್ಯಾರಾಮೌಂಟ್ 2010ರಲ್ಲಿ ನಿಂತಿತು. ಏರ್ ಕೋಸ್ಟಾ 2017ರಲ್ಲಿ, ಟ್ರೂಜೆಟ್ 2022ರಲ್ಲಿ. ಪೈಲಟ್‌ಗಳು ಕೆಟ್ಟವರು ಅಂತ ನಿಂತದ್ದಲ್ಲ. 70 ಸೀಟಿನ ವಿಮಾನಕ್ಕೆ ಇಂಧನ, ಬಾಡಿಗೆ, ರಿಪೇರಿ ಎಲ್ಲ ಕಟ್ಟಿದ ಮೇಲೆ ಉಳಿಯುವುದು ತುಂಬಾ ಕಡಿಮೆ. ಚಿಕ್ಕ ಊರುಗಳ ಮಾರ್ಗಗಳಿಗೆ ಸರ್ಕಾರ ಕೊಡುವ ಉಡಾನ್ ಯೋಜನೆಯ ಹಣವೂ ಒಂದು ಮಾರ್ಗಕ್ಕೆ ಮೂರು ವರ್ಷ ಮಾತ್ರ. ಅದು ಮುಗಿದ ಮೇಲೆ ನಿಂತುಹೋದ ಮಾರ್ಗಗಳು ಎಷ್ಟೋ ಇವೆ. ಹಾಗಾಗಿ ನೀವು ಸೇರುವ ಕಂಪನಿಯ ಮಾರ್ಗಗಳಲ್ಲಿ ಎಷ್ಟು ಉಡಾನ್ ಮೇಲೆ ನಿಂತಿವೆ, ಯಾವಾಗ ಶುರುವಾದವು, ಇದನ್ನೂ ನೋಡಿ.

ಈಗ ಪ್ರೊಪೆಲ್ಲರ್ ವಿಷಯಕ್ಕೆ ಬರುತ್ತೇನೆ. ನಿಮ್ಮ ಜೊತೆಯವರ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಹೊರದೇಶದ ಕೆಲವು ಕಂಪನಿಗಳು ಜೆಟ್ ಗಂಟೆಗಳನ್ನೇ ಕೇಳುತ್ತವೆ. ಆದರೆ "ಅಲ್ಲೇ ಉಳ್ಕೋತೀಯ" ಅನ್ನುವುದು ಸುಳ್ಳು. ಎಟಿಪಿಎಲ್ ಲೆಕ್ಕದಲ್ಲಿ ಎಟಿಆರ್ ಗಂಟೆಯೂ ಗಂಟೆಯೇ. ಎಟಿಆರ್‌ನಿಂದ ಏರ್‌ಬಸ್‌ಗೆ ಹೋದವರು ಬೇಕಾದಷ್ಟು ಜನ ಇದ್ದಾರೆ. ನಾನೂ ಹಾಗೇ ಹೋದೆ, ಎಟಿಆರ್‌ನಲ್ಲಿ ಕ್ಯಾಪ್ಟನ್ ಆದ ಮೇಲೆ.

ಎಟಿಆರ್ 25,000 ಅಡಿಗಿಂತ ಮೇಲೆ ಹೋಗುವುದಿಲ್ಲ. ಮಳೆಗಾಲದಲ್ಲಿ ಮೋಡದ ಮೇಲೆ ಹಾರಿ ತಪ್ಪಿಸಿಕೊಳ್ಳೋಕೆ ಆಗಲ್ಲ. ಪಕ್ಕದಲ್ಲಿ ದಾರಿ ಹುಡುಕಬೇಕು. ದಿನಕ್ಕೆ ನಾಲ್ಕು ಸೆಕ್ಟರ್, ಅಂದರೆ ನಾಲ್ಕು ಟೇಕಾಫ್, ನಾಲ್ಕು ಲ್ಯಾಂಡಿಂಗ್. ಈ ಕೆಲಸ ಕೈಗೆ, ಕಣ್ಣಿಗೆ ಕಲಿಸುವುದು ಜಾಸ್ತಿ.

ಒಂದು ಜುಲೈ ಮಧ್ಯಾಹ್ನ ಹುಬ್ಬಳ್ಳಿಗೆ ಹೋಗುತ್ತಿದ್ದೆವು. ಆಗ ಅಲ್ಲಿ ರನ್‌ವೇ ಚಿಕ್ಕದು, ಮೋಡದಲ್ಲೂ ರನ್‌ವೇಗೆ ದಾರಿ ತೋರಿಸುವ ಐಎಲ್‌ಎಸ್ ಇರಲಿಲ್ಲ. ನಾನು ಹಾರಿಸುತ್ತಿದ್ದೆ. ಮಿನಿಮಮ್‌ಗೆ, ಅಂದರೆ ರನ್‌ವೇ ಕಾಣದೆ ಅದಕ್ಕಿಂತ ಕೆಳಗೆ ಇಳಿಯಬಾರದ ಎತ್ತರಕ್ಕೆ, ಇಳಿದರೂ ಬರೀ ಬೂದು ಬಣ್ಣ. ಇನ್ನೊಂದು ಐವತ್ತು ಅಡಿ ಇಳಿದರೆ ಕಂಡೀತು ಅಂತ ಆಸೆ ಆಯಿತು. ಪಕ್ಕದ ಕ್ಯಾಪ್ಟನ್ ದನಿ ಏರಿಸದೆ "ಗೋ ಅರೌಂಡ್" ಅಂದರು. ಮೇಲೆದ್ದೆವು. ಇನ್ನೊಂದು ಸಲ ನೋಡಿದೆವು, ಆಗಲೂ ಕಾಣಲಿಲ್ಲ. ಬೆಂಗಳೂರಿನ ಹಳೇ ಎಚ್‌ಎಎಲ್ ನಿಲ್ದಾಣಕ್ಕೆ ವಾಪಸ್ ಬಂದೆವು. ಪ್ರಯಾಣಿಕರು ಕೋಪದಲ್ಲಿದ್ದರು. ಒಬ್ಬರಿಗೆ ಅವತ್ತೇ ಧಾರವಾಡದಲ್ಲಿ ಮಗಳ ನಿಶ್ಚಿತಾರ್ಥ. ಎಲ್ಲರೂ ಇಳಿದ ಮೇಲೆ ಕ್ಯಾಪ್ಟನ್ ಒಂದು ಹಾಳೆ ತೆಗೆದು ಆ ಐವತ್ತು ಅಡಿಯಲ್ಲಿ ಏನೇನು ಆಗಬಹುದಿತ್ತು ಅಂತ ಗೆರೆ ಎಳೆದು ತೋರಿಸಿದರು. ಬೈಯಲಿಲ್ಲ. ಆ ಹಾಳೆ ಈಗಲೂ ನನ್ನ ಲಾಗ್‌ಬುಕ್‌ನಲ್ಲಿದೆ. ನಿಮಗೆ ಇಂಥ ಕ್ಯಾಪ್ಟನ್‌ಗಳು ಸಿಗಬೇಕು. ಆ ಇಬ್ಬರನ್ನು ಮಾತಾಡಿಸುವಾಗ ಇದನ್ನೂ ಕೇಳಿ: ಹವಾಮಾನ ಸರಿ ಇಲ್ಲ ಅಂತ ವಾಪಸ್ ಬಂದರೆ ಆಫೀಸಿನಿಂದ ಫೋನ್ ಬರುತ್ತದಾ? ಹೌದು ಅಂದರೆ ಆ ಕಂಪನಿ ಬೇಡ, ಎಷ್ಟೇ ಒಳ್ಳೆ ವಿಮಾನ ಕೊಟ್ಟರೂ ಬೇಡ.

ಇನ್ನು ಬಾಂಡ್. ಕಂಪನಿ ಖರ್ಚು ಮಾಡಿ ಕಲಿಸಿದರೆ ಮೂರು ವರ್ಷ ಕೇಳುವುದು ನನಗೆ ತಪ್ಪು ಅನ್ನಿಸುವುದಿಲ್ಲ. ಆದರೆ ಕಾಗದವನ್ನು ಊರಿನ ವಕೀಲರಿಗೆ ಒಮ್ಮೆ ತೋರಿಸಿ. ವರ್ಷ ಕಳೆದಂತೆ ಬಾಂಡ್ ಮೊತ್ತ ಇಳಿಯುತ್ತದಾ? ಕಂಪನಿಯೇ ಮುಚ್ಚಿದರೆ, ಸಂಬಳ ನಿಂತರೆ, ಆಗಲೂ ನೀವೇ ಕಟ್ಟಬೇಕಾ? ಮೂರು ವರ್ಷ ಯಾವ ದಿನದಿಂದ ಶುರು, ಸೇರಿದ ದಿನವಾ, ರಿಲೀಸ್ ಆದ ದಿನವಾ? ಮೂಲ ಅಂಕಪಟ್ಟಿ, ಖಾಲಿ ಚೆಕ್ ಯಾರಿಗೂ ಕೊಡಬೇಡಿ. ಬಾಂಡ್ ಅಲ್ಲದೆ ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮದ ಪ್ರಕಾರ ಕೋ-ಪೈಲಟ್‌ಗೆ ಆರು ತಿಂಗಳ ನೋಟಿಸ್ ಇದೆ, ಅದೂ ನೆನಪಿರಲಿ.

ನೀವು ಬರೆದಷ್ಟರಲ್ಲೇ ಹೇಳುವುದಾದರೆ ನಾನು ಎಟಿಆರ್ ಕಡೆ. ತೋಟ ಆಗಲೇ ಸಾಲದಲ್ಲಿದೆ. ಅದರ ಮೇಲೆ ಇನ್ನೊಂದು 22 ಲಕ್ಷ ಬೇಡ. ಆದರೆ ಎರಡು ವಾರದ ಆ ಲೆಕ್ಕದಲ್ಲಿ ಎಟಿಆರ್ ಕಂಪನಿಯ ವಿಮಾನಗಳು ನೆಲದಲ್ಲೇ ನಿಂತಿವೆ ಅಂತ ಕಂಡರೆ ಸಹಿ ಹಾಕಬೇಡಿ, ನನಗೆ ಮತ್ತೆ ಬರೆಯಿರಿ.

ಪ್ರಶ್ನೆ: ನನ್ನ ಮಗ ಎಟಿಆರ್ ಕೋ-ಪೈಲಟ್ ಆಗಿ ಸೇರಿದ್ದಾನೆ. ಫ್ಯಾನ್ ಇರುವ ಹಳೇ ಕಾಲದ ವಿಮಾನ ಅಂತ ಮನೆಯವರಿಗೆ ಭಯ. ಏನು ಹೇಳಲಿ?
— ನಿವೃತ್ತ ಶಿಕ್ಷಕರು, ಬೆಳಗಾವಿ

ಉತ್ತರ: ಸರ್, ಅದು ಹಳೇ ಕಾಲದ್ದಲ್ಲ. ಆ ಫ್ಯಾನ್ ಹಿಂದೆ ಇರುವುದು ಜೆಟ್‌ನಲ್ಲಿರುವಂಥದ್ದೇ ಟರ್ಬೈನ್ ಎಂಜಿನ್. ಒಂದು ಎಂಜಿನ್ ನಿಂತರೂ ಇನ್ನೊಂದರ ಮೇಲೆ ಹಾರಿ ಇಳಿಸಬಹುದು. ಅದನ್ನು ನಿಮ್ಮ ಮಗ ಸಿಮ್ಯುಲೇಟರ್‌ನಲ್ಲಿ ಮತ್ತೆ ಮತ್ತೆ ಮಾಡಿ ತೋರಿಸಬೇಕು. ಅವನು ರಿಲೀಸ್ ಆದ ಮೇಲೆ ಮನೆಯವರನ್ನು ಕರೆದುಕೊಂಡು ಒಂದು ಸಲ ಎಟಿಆರ್‌ನಲ್ಲಿ ಹೋಗಿ ಬನ್ನಿ. ಹಿಂದಿನ ಬಾಗಿಲಿನಿಂದ ಹತ್ತುತ್ತೀರಿ. ಕಿಟಕಿ ಪಕ್ಕದ ಸೀಟು ಕೇಳಿ. ರೆಕ್ಕೆ ತಲೆಯ ಮೇಲಿರುವುದರಿಂದ ಕೆಳಗಿನ ಹೊಲ, ಕೆರೆ, ರಸ್ತೆ ಎಲ್ಲ ಚೆನ್ನಾಗಿ ಕಾಣುತ್ತವೆ.