ಸಂಪಾದಕರ ಉತ್ತರ: ಉಳಿದ 597 ಮಕ್ಕಳ ಮಾತು

ತಾಲ್ಲೂಕು ಕೇಂದ್ರವೊಂದರ ಅನುದಾನಿತ ಪ್ರೌಢಶಾಲೆಯ ಆಡಳಿತ ಮಂಡಳಿ ಸದಸ್ಯರೂ ನಿವೃತ್ತ ಶಿಕ್ಷಕರೂ ಆದ ಓದುಗರೊಬ್ಬರು ನಮಗೆ ದೀರ್ಘ ಪತ್ರ ಬರೆದಿದ್ದಾರೆ. ಹೆಸರು, ಊರು ಬೇಡವೆಂದಿರುವುದರಿಂದ ಸಾರವನ್ನಷ್ಟೇ ಕೊಡುತ್ತಿದ್ದೇವೆ. ಶಾಲೆಯಲ್ಲಿ 8ರಿಂದ 10ನೇ ತರಗತಿಯವರೆಗೆ 12 ವಿಭಾಗಗಳಲ್ಲಿ 620 ಮಕ್ಕಳಿದ್ದಾರೆ. ಕಳೆದ ವರ್ಷದಿಂದ ಜಿಲ್ಲಾ ಕೇಂದ್ರದಿಂದ, ಮಕ್ಕಳ ಮನಸ್ಸಿನ ಕಷ್ಟ ಕೇಳುವ ಆಪ್ತಸಮಾಲೋಚಕಿಯೊಬ್ಬರು (ಕೌನ್ಸೆಲರ್) ತಿಂಗಳಿಗೆ ಎರಡು ಶನಿವಾರ ಬಂದು, ಮುಖ್ಯೋಪಾಧ್ಯಾಯರ ಕೊಠಡಿಯ ಪಕ್ಕದ ಕೋಣೆಯಲ್ಲಿ ಕುಳಿತುಕೊಳ್ಳುತ್ತಾರೆ. ಶಿಕ್ಷಕರು ಚೀಟಿ ಬರೆದು ಕಳಿಸಿದ ಮಕ್ಕಳು ಮಾತ್ರ ಅಲ್ಲಿಗೆ ಹೋಗುತ್ತಾರೆ. ವರ್ಷವಿಡೀ ಹಾಗೆ ಹೋದವರು 23 ಮಂದಿ. ಅವರನ್ನು ಉಳಿದ ಮಕ್ಕಳು ‘ಕೇಸು’ ಎಂದು ಕರೆಯತೊಡಗಿದ್ದಾರೆ. ಇಷ್ಟಕ್ಕೆ ಹಣ ಏಕೆ ಖರ್ಚು ಮಾಡಬೇಕೆಂದು ಮಂಡಳಿಯ ಕೆಲವರು ಕೇಳುತ್ತಿದ್ದಾರೆ. ‘ಇದನ್ನು ನಿಲ್ಲಿಸಬೇಕೇ, ಅಥವಾ ಎಲ್ಲ ಮಕ್ಕಳಿಗೂ ತಲುಪುವಂತೆ ಕಟ್ಟಲು ಸಾಧ್ಯವೇ?’ ಎಂಬುದು ಅವರ ಪ್ರಶ್ನೆ.

ಮಾನ್ಯರೇ,

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹೊತ್ತು ತಡೆದು ನಿಲ್ಲಿಸಿದ್ದು ಖರ್ಚಿನ ಲೆಕ್ಕವಲ್ಲ, ನೀವು ನಡುವೆ ಬರೆದ ಎರಡು ಸಾಲು. ಜವಾನರು ತರಗತಿಯ ಬಾಗಿಲಲ್ಲಿ ನಿಂತು ಚೀಟಿ ನೋಡಿ ಹೆಸರು ಕೂಗುತ್ತಾರೆ, ಆ ಹುಡುಗ ಎದ್ದು ಹೋಗುವವರೆಗೆ ಐವತ್ತು ಜೊತೆ ಕಣ್ಣುಗಳು ಅವನ ಬೆನ್ನ ಮೇಲಿರುತ್ತವೆ ಎಂದಿದ್ದೀರಿ. ನಿಮ್ಮ ಶಾಲೆಯ ಯೋಜನೆ ಎಲ್ಲಿ ಸೋತಿತೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ. ಆ ಕೋಣೆಯೊಳಗೆ ಆಪ್ತಸಮಾಲೋಚಕಿ ಎಷ್ಟೇ ಪ್ರೀತಿಯಿಂದ ಮಾತನಾಡಿಸಿದರೂ, ಅಲ್ಲಿಗೆ ಹೋಗುವ ದಾರಿಯಲ್ಲಿಯೇ ಆ ಹುಡುಗನಿಗೆ ಆಗಬೇಕಾದ ಗಾಯ ಆಗಿಹೋಗಿರುತ್ತದೆ.

ಆದ್ದರಿಂದ ನಿಮ್ಮ ಪ್ರಶ್ನೆಗೆ ನೇರ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಿಲ್ಲಿಸಬೇಡಿ, ಆದರೆ ಈಗಿರುವಂತೆ ಮುಂದುವರಿಸಲೂ ಬೇಡಿ. 620 ಮಕ್ಕಳನ್ನೂ ಒಬ್ಬೊಬ್ಬರಾಗಿ, ಹಾಜರಾತಿ ಪುಸ್ತಕದ ಕ್ರಮಸಂಖ್ಯೆಯಂತೆ ಆ ಕೋಣೆಗೆ ಕರೆಯುವ ವ್ಯವಸ್ಥೆ ಮಾಡಿ. ಇಂದು 14ನೇ ನಂಬರಿನ ಹುಡುಗಿ, ನಾಳೆ 15ನೇ ನಂಬರಿನ ಹುಡುಗ ಎಂದಾದಾಗ ಒಳಗೆ ಹೋದವರು ಯಾವ ಕಾರಣಕ್ಕೆ ಹೋದರೆಂದು ಯಾರೂ ಊಹಿಸುವಂತಿಲ್ಲ. ಅಂಕ ಕಡಿಮೆಯಾದವನೂ, ತರಗತಿಗೇ ಮೊದಲಿಗಳಾದವಳೂ, ಮನೆಯಲ್ಲಿ ದಿನವೂ ಕುಡುಕ ತಂದೆಯ ಜಗಳ ಕೇಳಿ ಬರುವವನೂ ಒಂದೇ ಸಾಲಿನಲ್ಲಿ ಬರುತ್ತಾರೆ. ‘ಎಲ್ಲ ಮಕ್ಕಳಿಗೂ’ ಎಂಬ ಮಾತನ್ನು ನಾವು ಉದಾರತೆಯ ಮಾತೆಂದು ತಿಳಿಯುತ್ತೇವೆ. ನನ್ನ ದೃಷ್ಟಿಯಲ್ಲಿ ಅದು ನಿಜವಾಗಿ ಕಷ್ಟದಲ್ಲಿರುವ ಆ ಇಪ್ಪತ್ತು ಮೂವತ್ತು ಮಕ್ಕಳಿಗೆ ಕೊಡುವ ಮರೆ.

ಈ ವಿಚಾರ ಹೊಸದೇನೂ ಅಲ್ಲ. 1907ರಲ್ಲಿಯೇ ಅಮೆರಿಕದ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ಊರಿನ ಪ್ರೌಢಶಾಲೆಯ ಮುಖ್ಯಸ್ಥ ಜೆಸ್ಸಿ ಡೇವಿಸ್ ಅವರು ಇಂಗ್ಲಿಷ್ ಪ್ರಬಂಧದ ತರಗತಿಯಲ್ಲಿ ವಾರಕ್ಕೊಂದು ಅವಧಿಯನ್ನು ಮಕ್ಕಳ ನಡತೆ ಮತ್ತು ಮುಂದಿನ ಬದುಕಿನ ಮಾರ್ಗದರ್ಶನಕ್ಕೆ ಮೀಸಲಿಡಿಸಿದ್ದರು. ಆಮೇಲೆ ಅಲ್ಲಿಯೂ ಆ ಕೆಲಸ ಒಬ್ಬ ನೌಕರನ ಕೋಣೆಗೆ ಸೀಮಿತವಾಯಿತು. 1970ರ ದಶಕದಿಂದ ಮಿಸೌರಿ ವಿಶ್ವವಿದ್ಯಾಲಯದ ನಾರ್ಮನ್ ಗೈಸ್ಬರ್ಸ್ ಅವರಂಥವರು, ಶಾಲೆಗೆ ಬೇಕಾದದ್ದು ಒಂದು ಹುದ್ದೆಯಲ್ಲ, ಒಂದು ಪಠ್ಯಕ್ರಮದಂತೆ ವರ್ಷವಿಡೀ ನಡೆಯುವ ಕಾರ್ಯಕ್ರಮ ಎಂದು ವಾದಿಸಿ ಅದರ ಮಾದರಿಯನ್ನು ರೂಪಿಸಿದರು. ಅಮೆರಿಕದ ಶಾಲಾ ಆಪ್ತಸಮಾಲೋಚಕರ ಸಂಘವು 2003ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಮಾದರಿ ಇದೇ ದಾರಿಯದು. 250 ಮಕ್ಕಳಿಗೆ ಒಬ್ಬ ಆಪ್ತಸಮಾಲೋಚಕ ಇರಬೇಕು, ಅವರ ಸಮಯದ ಶೇ 80ರಷ್ಟಾದರೂ ಮಕ್ಕಳಿಗಾಗಿಯೇ ಸಲ್ಲಬೇಕು ಎಂಬುದು ಆ ಸಂಘದ ಶಿಫಾರಸು. ಅಮೆರಿಕದ ಅಳತೆಯನ್ನು ಹಾಗೆಯೇ ತಂದು ನಮ್ಮ ಶಾಲೆಗಳಿಗೆ ತೊಡಿಸಲು ಆಗುವುದಿಲ್ಲ. ಆದರೂ ಸಮಯದ ಬಗೆಗಿನ ಆ ಎರಡನೆಯ ಮಾತನ್ನು ನೆನಪಿಡಿ, ಅದಕ್ಕೆ ಮತ್ತೆ ಬರುತ್ತೇನೆ.

ನಮ್ಮ ದೇಶದ್ದೇ ಉದಾಹರಣೆ ಬೇಕೆಂದು ನಿಮ್ಮ ಮಂಡಳಿಯವರು ಕೇಳಬಹುದು. ಬಿಹಾರದ ನಳಂದಾ ಜಿಲ್ಲೆಯ 74 ಸರ್ಕಾರಿ ಶಾಲೆಗಳಲ್ಲಿ ‘ಸೆಹೆರ್’ ಎಂಬ ಹೆಸರಿನ ಪ್ರಯೋಗ ನಡೆದು, ಅದರ ಫಲಿತಾಂಶ 2018ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಶಾಲೆಗಳನ್ನು ಮೂರು ಗುಂಪು ಮಾಡಿದ್ದರು. ಒಂದರಲ್ಲಿ, ಮನಶ್ಶಾಸ್ತ್ರದ ಪದವಿಯಿಲ್ಲದಿದ್ದರೂ ತರಬೇತಿ ಪಡೆದ ‘ಮಿತ್ರ’ರೊಬ್ಬರನ್ನು ಪ್ರತಿ ಶಾಲೆಗೂ ನೇಮಿಸಿದರು. ಇನ್ನೊಂದರಲ್ಲಿ ಶಾಲೆಯ ಶಿಕ್ಷಕರಿಗೇ ತರಬೇತಿ ಕೊಟ್ಟು ಅದೇ ಕೆಲಸ ವಹಿಸಿದರು. ಮೂರನೆಯದರಲ್ಲಿ ಎಂದಿನ ಜೀವನ ಕೌಶಲ ಪಾಠ ಮಾತ್ರ. ಕೆಲಸ ಮೂರು ಹಂತದ್ದು: ಪ್ರಾರ್ಥನಾ ಸಭೆಯ ಮಾತು, ಗೋಡೆ ಪತ್ರಿಕೆ, ಮಕ್ಕಳು ಮನಸ್ಸಿನ ಮಾತು ಬರೆದು ಹಾಕುವ ಪೆಟ್ಟಿಗೆ ಇಡೀ ಶಾಲೆಗೆ, ಗುಂಪು ಚರ್ಚೆ ತರಗತಿಗೆ, ಒಬ್ಬರೊಂದಿಗೊಬ್ಬರ ಮಾತು ಬೇಕಾದವರಿಗೆ. ವರ್ಷದ ಕೊನೆಗೆ ಮಿತ್ರರಿದ್ದ ಶಾಲೆಗಳ ವಾತಾವರಣ ಗಣನೀಯವಾಗಿ ಸುಧಾರಿಸಿತ್ತು, ಮಕ್ಕಳಲ್ಲಿ ಖಿನ್ನತೆಯ ಲಕ್ಷಣಗಳೂ ಪರಸ್ಪರ ಪೀಡನೆಯೂ ತಗ್ಗಿದ್ದವು. ಶಿಕ್ಷಕರಿಗೆ ಹೊಣೆ ಕೊಟ್ಟ ಶಾಲೆಗಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ.

ಇದನ್ನು ಓದಿ ಶಿಕ್ಷಕರನ್ನು ದೂರಬಾರದು. ನೀವೇ ಮೂರು ದಶಕ ಪಾಠ ಮಾಡಿದವರು, ನಿಮಗೆ ಹೇಳಬೇಕಾದುದಿಲ್ಲ. ಬೆಳಿಗ್ಗೆ ಬಿಸಿಯೂಟದ ಲೆಕ್ಕ, ಮಧ್ಯಾಹ್ನ ಎಸ್‌ಎಟಿಎಸ್ ಎಂಬ ಸರ್ಕಾರಿ ತಂತ್ರಾಂಶದಲ್ಲಿ ಮಕ್ಕಳ ವಿವರದ ನಮೂದು, ಸಂಜೆ ಎಸ್‌ಎಸ್‌ಎಲ್‌ಸಿ ವಿಶೇಷ ತರಗತಿ, ನಡುವೆ ಆರು ಪೀರಿಯಡ್ ಗಣಿತ ಇರುವವರ ಹೆಗಲಿಗೆ ಮತ್ತೊಂದು ಹೊಣೆ ಹೊರಿಸಿದರೆ ಅದು ಕಡತದಲ್ಲಿ ಮಾತ್ರ ನಡೆಯುತ್ತದೆ. ಅಂಕ ಕೊಡುವ ಕೈಯೂ ಗುಟ್ಟು ಕೇಳುವ ಕಿವಿಯೂ ಒಬ್ಬರದೇ ಆದಾಗ ಮಗು ಬಾಯಿ ಬಿಡುವುದೂ ಕಷ್ಟ. ಆಯುಷ್ಮಾನ್ ಭಾರತದ ಶಾಲಾ ಆರೋಗ್ಯ ಕಾರ್ಯಕ್ರಮ 2020ರಲ್ಲಿ ಶಾಲೆಗೆ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳೆಂದು ಗುರುತಿಸುವ ಏರ್ಪಾಟು ತಂದಿತು. ಅಂಥವರು ನಿಮ್ಮಲ್ಲಿದ್ದರೆ ತರಗತಿಯ ಪಾಠಗಳಿಗೆ ಖಂಡಿತ ನೆರವಾಗಲಿ. ಆದರೆ ಅವರಿದ್ದಾರೆಂಬ ಕಾರಣಕ್ಕೆ, ಇದೇ ಕೆಲಸಕ್ಕೆಂದು ಮೀಸಲಾದ ವ್ಯಕ್ತಿ ಬೇಡವೆಂದು ಮಂಡಳಿ ತೀರ್ಮಾನಿಸುವುದು ಬೇಡ.

ಈಗ ವೇಳೆಯ ಲೆಕ್ಕಕ್ಕೆ ಬರೋಣ. ಶನಿವಾರ ಬೆಳಗಿನ ಶಾಲೆ, ಇರುವುದೇ ಮೂರು ಮೂರೂವರೆ ಗಂಟೆ, ಅದರಲ್ಲೂ ಸಾಮೂಹಿಕ ಕವಾಯತು. ತಿಂಗಳಿಗೆ ಅಂಥ ಎರಡು ದಿನಗಳಲ್ಲಿ ದೇವರೇ ಬಂದು ಕುಳಿತರೂ 620 ಮಕ್ಕಳನ್ನು ಮುಟ್ಟಲಾರ. ಪೂರ್ಣಾವಧಿಯ ಒಬ್ಬರಿದ್ದಾರೆಂದು ಇಟ್ಟುಕೊಳ್ಳಿ, ವಾರಕ್ಕೆ 30 ಪೀರಿಯಡ್. ಅದರ ಶೇ 80 ಎಂದರೆ 24. ಹನ್ನೆರಡು ವಿಭಾಗಗಳಿಗೂ ಎರಡು ವಾರಕ್ಕೊಮ್ಮೆ ಒಂದು ಪಾಠವೆಂದರೆ ವಾರಕ್ಕೆ ಆರು ಪೀರಿಯಡ್ ಹೋಯಿತು. ಹತ್ತನೇ ತರಗತಿಯ ಸುಮಾರು 210 ಮಕ್ಕಳನ್ನು ಒಂದು ಪೀರಿಯಡ್‌ಗೆ ಇಬ್ಬರಂತೆ ಮಾತನಾಡಿಸಲು 105 ಪೀರಿಯಡ್ ಬೇಕು. ವಾರಕ್ಕೆ ನಾಲ್ಕು ಎತ್ತಿಟ್ಟು ಜೂನ್‌ನಲ್ಲಿ ಆರಂಭಿಸಿದರೆ, ದಸರಾ ರಜೆ ಕಳೆದು ಡಿಸೆಂಬರ್ ಕೊನೆಗೆ, ಅಂದರೆ ಪೂರ್ವಸಿದ್ಧತಾ ಪರೀಕ್ಷೆಗಳ ಗಲಾಟೆ ಏರುವ ಮೊದಲೇ ಎಲ್ಲರೊಂದಿಗೂ ಒಂದು ಸುತ್ತು ಮಾತು ಮುಗಿದಿರುತ್ತದೆ. ಎಂಟು, ಒಂಬತ್ತನೇ ತರಗತಿಯ ಮಕ್ಕಳನ್ನು ಮೊದಲ ವರ್ಷ ಆರೆಂಟು ಮಂದಿಯ ಗುಂಪುಗಳಲ್ಲಿ ಕರೆಯಬಹುದು. ಉಳಿದ ಪೀರಿಯಡ್‌ಗಳು ತಾವಾಗಿಯೇ ಬರುವವರಿಗೆ, ಪೋಷಕರಿಗೆ, ಶಿಕ್ಷಕರೊಂದಿಗಿನ ಚರ್ಚೆಗೆ.

ಪೂರ್ಣಾವಧಿಯ ಸಂಬಳ ಕೊಡಲು ಮಂಡಳಿಗೆ ಆಗದಿದ್ದರೆ, ಅದೇ ಊರಿನ ಇನ್ನೊಂದು ಶಾಲೆಯೊಂದಿಗೆ ಸೇರಿ ಒಬ್ಬರನ್ನು ನೇಮಿಸಿಕೊಂಡು ವಾರಕ್ಕೆ ಎರಡೂವರೆ ದಿನವನ್ನಾದರೂ ಗೊತ್ತುಮಾಡಿ. ಆಗ ಮೇಲಿನ ಲೆಕ್ಕ ಅರ್ಧಕ್ಕಿಳಿಯುತ್ತದೆ, ನಿಜ. ಪಾಠಗಳನ್ನು ತಿಂಗಳಿಗೊಂದು ಮಾಡಿ, ಹತ್ತನೇ ತರಗತಿಯ ಮಾತುಕತೆಯನ್ನು ಬಿಡಬೇಡಿ. ದಿನಗಳು ಮಾತ್ರ ಬದಲಾಗಬಾರದು. ಮಂಗಳವಾರ ಅಕ್ಕ ಇರುತ್ತಾರೆಂದು ಮಗುವಿಗೆ ಗೊತ್ತಿರಬೇಕು. ಶಿಕ್ಷಕರೊಬ್ಬರು ರಜೆ ಹಾಕಿದ ದಿನ ತರಗತಿ ನೋಡಿಕೊಳ್ಳಲು, ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆಗೆ, ಶಿಸ್ತಿನ ವಿಚಾರಣೆಗೆ ಅವರನ್ನು ಬಳಸಿಕೊಳ್ಳಬಾರದೆಂದು ನೇಮಕದ ಪತ್ರದಲ್ಲಿಯೇ ಬರೆದುಬಿಡಿ. ಸಮಯ ಸೋರಿಹೋಗುವುದು ಇಂಥ ಕಡೆಗಳಲ್ಲಿಯೇ.

ತರಗತಿಯ ಆ ಪಾಠದಲ್ಲಿ ಏನು ಹೇಳಬೇಕೆಂದು ಕೇಳಿದ್ದೀರಿ. ಬುದ್ಧಿವಾದವನ್ನಂತೂ ಅಲ್ಲ, ಅದು ನಮ್ಮ ಮಕ್ಕಳಿಗೆ ಮನೆ, ಶಾಲೆ, ಭಾಷಣದ ವೇದಿಕೆ ಎಲ್ಲೆಡೆ ಧಾರಾಳವಾಗಿ ಸಿಗುತ್ತಿದೆ. (ನಮ್ಮ ಪತ್ರಿಕೆಯೂ ಪ್ರತಿ ಫೆಬ್ರುವರಿಯಲ್ಲಿ ಪರೀಕ್ಷಾ ಭಯ ಬೇಡವೆಂಬ ಲೇಖನ ಹಾಕಿ ಕೈತೊಳೆದುಕೊಂಡದ್ದುಂಟು, ನಿಮ್ಮ ಪತ್ರ ಓದಿದ ಮೇಲೆ ಆ ಹಳೆಯ ಸಂಚಿಕೆಗಳನ್ನು ತೆಗೆದು ನೋಡಿ ಸ್ವಲ್ಪ ನಾಚಿಕೆಯಾಯಿತು.) ಸಿಟ್ಟು ಬಂದಾಗ ಏನು ಮಾಡುವುದು, ಗೆಳೆಯ ಮಾತು ಬಿಟ್ಟಾಗ ಏನು ಮಾಡುವುದು, ಯಾರಾದರೂ ಮುಟ್ಟಬಾರದಂತೆ ಮುಟ್ಟಿದರೆ ಯಾರಿಗೆ ಹೇಳುವುದು ಎಂಬಂಥವು ಇರಲಿ. ಜೊತೆಗೆ ಸೊಪ್ಪುಸದೆಯಂತೆ ಕಾಣುವ ಮಾಹಿತಿಯೂ ಇರಲಿ. ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಬರೆದು ಆಯ್ಕೆಯಾದರೆ, ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರದ ಕುಟುಂಬದ ಮಗುವಿಗೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಬರುತ್ತದೆ. ಅನುದಾನಿತ ಶಾಲೆಯ ಮಕ್ಕಳಿಗೂ ಅದು ಅನ್ವಯ. ನಿಮ್ಮ ಎಂಟನೇ ತರಗತಿಯಲ್ಲಿ ಎಷ್ಟು ಮಕ್ಕಳಿಗೆ ಇದು ಗೊತ್ತಿದೆಯೆಂದು ಒಮ್ಮೆ ಕೇಳಿ ನೋಡಿ. ಎಸ್‌ಎಸ್‌ಎಲ್‌ಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಮೊದಲನೆಯದರಲ್ಲಿ ಎಡವಿದರೆ ವರ್ಷ ಹಾಳಾಗುವುದಿಲ್ಲ ಎಂಬುದನ್ನು ಪೋಷಕರ ಸಭೆಯಲ್ಲಿ ಜೂನ್‌ನಲ್ಲೇ ಹೇಳಿದರೆ, ಫಲಿತಾಂಶದ ದಿನ ಎಷ್ಟೋ ಮನೆಗಳ ಉಸಿರು ಹಗುರವಾಗುತ್ತದೆ.

ನಮ್ಮಲ್ಲಿ ‘ಕೌನ್ಸೆಲಿಂಗ್’ ಎಂದ ಕೂಡಲೇ ಶಿಕ್ಷಕರಿಗೆ ನೆನಪಾಗುವುದು ವರ್ಗಾವಣೆ, ಪೋಷಕರಿಗೆ ನೆನಪಾಗುವುದು ಸಿಇಟಿ ಸೀಟು ಹಂಚಿಕೆ. ‘ಆಪ್ತಸಲಹೆ’ ಎಂದರೆ ಯಾರೋ ಸಲಹೆ ಕೊಡುತ್ತಾರೆಂಬ ಅರ್ಥ ಬರುತ್ತದೆ. ಹೆಸರಿನ ಗೊಂದಲವನ್ನು ಮಕ್ಕಳಿಗೇ ಬಿಟ್ಟುಬಿಡಿ. ಒಂದು ಸ್ಪರ್ಧೆ ಇಟ್ಟು ಆ ಕೋಣೆಗೆ ಅವರಿಂದಲೇ ಹೆಸರು ಇಡಿಸಿ.

ಗುಟ್ಟಿನ ವಿಷಯದಲ್ಲಿ ಮಾತ್ರ ಸಡಿಲ ಬೇಡ. ಮಗು ಹೇಳಿದ್ದು ಸ್ಟಾಫ್ ರೂಮಿನ ಚಹಾದ ಜೊತೆ ಹಂಚಿಹೋದರೆ ಒಂದೇ ದಿನದಲ್ಲಿ ಎಲ್ಲವೂ ಮುಗಿಯಿತು. ಹಾಗೆಂದು ಎಲ್ಲವನ್ನೂ ಗುಟ್ಟಾಗಿಡುತ್ತೇನೆಂದು ಮಾತು ಕೊಡಲೂ ಆಗದು. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಲೈಂಗಿಕ ದೌರ್ಜನ್ಯದ ಸಂಗತಿ ತಿಳಿದವರು ಪೊಲೀಸರಿಗೆ ವರದಿ ಮಾಡಲೇಬೇಕು. ಮಗು ತನ್ನ ಜೀವಕ್ಕೆ ಅಪಾಯ ಮಾಡಿಕೊಳ್ಳುವ ಸೂಚನೆಯಿದ್ದರೆ ಮನೆಯವರಿಗೂ ವೈದ್ಯರಿಗೂ ತಿಳಿಸಲೇಬೇಕು. ಈ ಎರಡನ್ನು ಬಿಟ್ಟು ಉಳಿದದ್ದು ಈ ಕೋಣೆ ದಾಟುವುದಿಲ್ಲವೆಂದು ಮೊದಲ ಭೇಟಿಯಲ್ಲಿಯೇ, ಮಗುವಿಗೆ ಅರ್ಥವಾಗುವ ಮಾತಿನಲ್ಲಿ ಹೇಳಬೇಕು. ಶಾಲೆಯ ಶಕ್ತಿ ಮೀರಿದ್ದಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವಿದೆ. ದೇಶಕ್ಕೇ ಮಾದರಿಯಾದ ಆ ಕಾರ್ಯಕ್ರಮ 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗದಿಂದ ಹುಟ್ಟಿದ್ದು. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಆ ತಂಡ ಯಾವ ದಿನ ಬರುತ್ತದೆಂದು ವಿಚಾರಿಸಿಡಿ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416 ಮತ್ತು ಮಕ್ಕಳ ಸಹಾಯವಾಣಿ 1098 ಈ ಎರಡೂ ಸಂಖ್ಯೆಗಳನ್ನು ಪ್ರತಿ ತರಗತಿಯಲ್ಲಿ ದಪ್ಪಕ್ಷರದಲ್ಲಿ ಬರೆಸಿ.

ಮಂಡಳಿಯಲ್ಲಿ ಇಷ್ಟಕ್ಕೂ ಒಪ್ಪದವರಿದ್ದರೆ ಕಾನೂನಿನ ಮಾತನ್ನೂ ಅವರ ಮುಂದಿಡಿ. ವಿಶಾಖಪಟ್ಟಣದಲ್ಲಿ ನೀಟ್ ತರಬೇತಿಯಲ್ಲಿದ್ದ 17 ವರ್ಷದ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ಶಿಕ್ಷಣ ಸಂಸ್ಥೆಗಳಿಗೆ 15 ಮಾರ್ಗಸೂಚಿಗಳನ್ನು ನೀಡಿದೆ. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂಬ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಅಂಕಿ ಅಂಶ ಆ ತೀರ್ಪಿನ ಮುಂದಿತ್ತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆ ಅರ್ಹ ಆಪ್ತಸಮಾಲೋಚಕರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜ ಕಾರ್ಯಕರ್ತರನ್ನೋ ಹೊಂದಿರಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿ ತರಬೇತಿ ಕೊಡಬೇಕು, ಮಕ್ಕಳನ್ನು ಅಂಕಗಳಿಗಾಗಿ ಎಲ್ಲರೆದುರು ಅವಮಾನಿಸಬಾರದು ಎಂಬುವು ಅದರಲ್ಲಿವೆ. ಸೂಕ್ತ ಶಾಸನ ಬರುವವರೆಗೆ ಇವು ಬದ್ಧಕಾರಿ. ಕಿರುಪರೀಕ್ಷೆಯ ಅಂಕಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು ಗೇಟಿನ ಬಳಿ ಅಂಟಿಸುತ್ತೇವೆಂದು ನೀವು ಪತ್ರದಲ್ಲಿ ಹೆಮ್ಮೆಯಿಂದ ಹೇಳಿದ್ದೀರಿ. ಕ್ಷಮಿಸಿ, ಆ ಹಾಳೆಯನ್ನು ನಾಳೆಯೇ ತೆಗೆಸಿ; ಅದು ಅಲ್ಲಿರುವವರೆಗೆ ಒಳಗಿನ ಕೋಣೆಯ ಕೆಲಸಕ್ಕೆ ಬೆಲೆಯಿಲ್ಲ.

ಕೊನೆಯದಾಗಿ, ‘ಫಲಿತಾಂಶ ಅಳೆಯುವುದು ಹೇಗೆ’ ಎಂಬ ನಿಮ್ಮ ಖಜಾಂಚಿಯವರ ಪ್ರಶ್ನೆ. ಎಷ್ಟು ‘ಕೇಸು’ ಬಂದವೆಂದು ಎಣಿಸಬೇಡಿ. ಜೂನ್‌ನಲ್ಲಿ ಎಲ್ಲ ಮಕ್ಕಳಿಗೂ ಹೆಸರು ಬರೆಯದ ಒಂದು ಚೀಟಿ ಕೊಟ್ಟು, ‘ನಿನಗೆ ತೊಂದರೆಯಾದಾಗ ಈ ಶಾಲೆಯಲ್ಲಿ ಹೇಳಿಕೊಳ್ಳಬಹುದಾದ ದೊಡ್ಡವರು ಯಾರಾದರೂ ಇದ್ದಾರೆಯೇ?’ ಎಂಬ ಒಂದೇ ಪ್ರಶ್ನೆ ಕೇಳಿ. ಫೆಬ್ರುವರಿಯಲ್ಲಿ ಅದನ್ನೇ ಮತ್ತೆ ಕೇಳಿ. ಜೊತೆಗೆ ಗೈರುಹಾಜರಿಯ ಅಂಕಿ, ಟಿಸಿ ಪಡೆದು ಹೋದವರ ಅಂಕಿ ಇಟ್ಟುಕೊಳ್ಳಿ. ಇಷ್ಟು ಸಾಕು. ಹೊಸ ವರ್ಷದ ವೇಳಾಪಟ್ಟಿ ಸಿದ್ಧವಾದಾಗ ಅದರ ಒಂದು ಪ್ರತಿಯನ್ನು ನಮಗೂ ಕಳಿಸಿ. ಶಾಲೆಯ ಹೆಸರು ತೆಗೆದು, ಬೇರೆ ಶಾಲೆಗಳವರು ನೋಡಿಕೊಳ್ಳಲೆಂದು ಪ್ರಕಟಿಸುತ್ತೇವೆ.

— ಸಂಪಾದಕ