17 ವರ್ಷದ ಹುಡುಗ ಕೊಲೆ ಮಾಡಿದ್ರೆ ಮೂರೇ ವರ್ಷಕ್ಕೆ ಹೊರಗೆ ಬರ್ತಾನಾ?

ಯಾವಾಗ್ಲೂ ಹಾಗಲ್ಲ ಮಾರಾಯ್ರೆ, ಮಂಗಳೂರಲ್ಲಿ ಬಸ್ಸಲ್ಲಿ ಕೂತ್ರೂ ಇದೇ ಮಾತು ಕೇಳ್ತದೆ, ಆದ್ರೆ 2016ರ ಜನವರಿಯಿಂದ ಬಾಲ ನ್ಯಾಯ ಕಾನೂನು ಬದಲಾಗಿದೆ. 16 ತುಂಬಿ 18 ಆಗದವನ ಮೇಲೆ ಕೊಲೆ ಆರೋಪ ಇದ್ರೆ ಬಾಲ ನ್ಯಾಯ ಮಂಡಳಿಯವರು ಮೊದ್ಲು ಅವನ ಮಾನಸಿಕ ಸಾಮರ್ಥ್ಯ ಎಂತ, ಪರಿಣಾಮ ಗೊತ್ತಿತ್ತಾ, ಯಾವ ಸನ್ನಿವೇಶದಲ್ಲಿ ಆಯ್ತು ಅಂತ ನೋಡ್ತಾರೆ, ದೊಡ್ಡವರ ಹಾಗೆ ವಿಚಾರಣೆ ಆಗ್ಬೇಕು ಅನ್ಸಿದ್ರೆ ಕೇಸು ಮಕ್ಕಳ ನ್ಯಾಯಾಲಯಕ್ಕೆ ಹೋಗ್ತದೆ. ಅಲ್ಲೂ ಅದನ್ನು ಒಪ್ಪಿದ್ರೆ ಮೂರು ವರ್ಷದ ಮಿತಿ ಇಲ್ಲ. ಗಲ್ಲು ಇಲ್ಲ, ಬಿಡುಗಡೆಯೇ ಇಲ್ಲದ ಜೀವಾವಧಿಯೂ ಇಲ್ಲ, 21 ಆಗುವವರೆಗೆ ಜೈಲಿಗೆ ಹಾಕುವ ಹಾಗೂ ಇಲ್ಲ, ಬೇರೆ ಸುರಕ್ಷಿತ ಜಾಗದಲ್ಲಿ ಇಡ್ತಾರೆ. ಸತ್ತವರ ಮನೆಯವರ ಸಿಟ್ಟು ನಂಗೆ ಅರ್ಥ ಆಗ್ತದೆ, ಆದ್ರೂ ಈ ಪರಿಶೀಲನೆ ಬೇಕೇ ಬೇಕು. ಮತ್ತೆ ದಯವಿಟ್ಟು ಹುಡುಗನ ಫೋಟೋ, ಹೆಸರು, ಶಾಲೆ ಎಲ್ಲೂ ಹಾಕ್ಬೇಡಿ, ಹಾಕಿದವರಿಗೆ ಇದೇ ಕಾನೂನಿನ ಕಲಂ 74ರಲ್ಲಿ ಆರು ತಿಂಗಳವರೆಗೆ ಜೈಲು ಉಂಟು.